ಬೇಡವೆಂದರೂ ಬಿಡದ ಬಿರುದು: ಟೋನಿ ಬೆನ್ ಮತ್ತು ಸ್ಟಾನ್ಸ್‌ಗೇಟ್ ಮನೆತನ

ಪ್ರಶ್ನೆ: ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರಲ್ಲಿ ಒಬ್ಬರಾಗಿದ್ದ ಟೋನಿ ಬೆನ್ ಲಾರ್ಡ್ ಪದವಿಯನ್ನು ಬಿಟ್ಟುಕೊಟ್ಟವರು ಎಂದು ಓದಿದ್ದೇನೆ. ಅವರದು ಹಳೆಯ ಜಮೀನ್ದಾರಿ ಮನೆತನವೇ? ತನಗೆ ಬೇಡವಾದ ಪದವಿಯನ್ನು ಬಿಡುವುದಕ್ಕೆ ಒಂದು ದೇಶದ ಕಾನೂನೇ ಬದಲಾಗಬೇಕಾಯಿತೇಕೆ? ಅವರು ಬಿಟ್ಟ ಮೇಲೂ ಈಗ ಅವರ ಮಗ ಲಾರ್ಡ್ ಆಗಿದ್ದಾರಂತೆ. ಹಾಗಾದರೆ ಅವರು ಬಿಟ್ಟದ್ದಾದರೂ ಏನನ್ನು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಅಲ್ಲ. 1960ರ ನವೆಂಬರ್ 17ರಂದು ತಂದೆ ತೀರಿಕೊಂಡಾಗ ಟೋನಿ ಬೆನ್ ಅವರ ಹೆಗಲಿಗೇರಿದ ‘ವೈಕೌಂಟ್ ಸ್ಟಾನ್ಸ್‌ಗೇಟ್’ ಎಂಬ ಲಾರ್ಡ್ ಬಿರುದಿಗೆ ಆಗ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಬೆನ್ ಹುಟ್ಟಿದ್ದು 1925ರ ಏಪ್ರಿಲ್ 3ರಂದು, ಬಿರುದು ಹುಟ್ಟಿದ್ದು 1942ರ ಜನವರಿಯಲ್ಲಿ. ಬಿರುದಿಗಿಂತ ವಾರಸುದಾರನೇ ಸುಮಾರು ಹದಿನೇಳು ವರ್ಷ ದೊಡ್ಡವನು. ‘ವಂಶಪಾರಂಪರ್ಯದ ಲಾರ್ಡ್’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಕೋಟೆ, ಬೇಟೆನಾಯಿ, ಸಾವಿರಾರು ಎಕರೆ ಹುಲ್ಲುಗಾವಲು ಬಂದು ನಿಲ್ಲುತ್ತವೆ. ಈ ಮನೆತನಕ್ಕೆ ಅದಾವುದೂ ಇರಲಿಲ್ಲ. ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ನದಿಮುಖದ ದಡದಲ್ಲಿ ಸ್ಟಾನ್ಸ್‌ಗೇಟ್ ಎಂಬಲ್ಲಿ ಒಂದು ಮನೆಯಿತ್ತು. ಬಿರುದಿನ ಹೆಸರು ಬಂದದ್ದು ಅಲ್ಲಿಂದ.

ಬೆನ್ ಮನೆತನದ ಬೇರು ಇರುವುದು ಲಂಡನ್ನಿನ ಪೂರ್ವ ಭಾಗದ ಬಡವರ ಕೇರಿಗಳಲ್ಲಿ. ಮುತ್ತಾತ ಜೂಲಿಯಸ್ ಬೆನ್ ಕಾಂಗ್ರಿಗೇಶನಲ್ ಪಂಥದ ಪಾದ್ರಿ. ಪ್ರತಿಯೊಂದು ಭಕ್ತಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ತಲೆಯ ಮೇಲೆ ಬಿಷಪ್ಪರು ಬೇಡ, ರಾಜನ ಅಪ್ಪಣೆಯೂ ಬೇಡ ಎನ್ನುವುದು ಆ ಪಂಥದ ನಿಲುವು. ಅವರ ಮಗ ಜಾನ್ ಬೆನ್ ಪೀಠೋಪಕರಣದ ವಿನ್ಯಾಸಕಾರರಾಗಿದ್ದು, 1880ರಲ್ಲಿ ಆ ಕಸುಬಿನವರಿಗಾಗಿಯೇ ಒಂದು ಪತ್ರಿಕೆ ತೆಗೆದು, ಅದರಿಂದ ಒಂದು ಪ್ರಕಾಶನ ಸಂಸ್ಥೆಯನ್ನು ಬೆಳೆಸಿದರು. 1892ರಲ್ಲಿ ಲಿಬರಲ್ ಪಕ್ಷದಿಂದ ಸಂಸದರಾದರು, 1904ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿನ ಅಧ್ಯಕ್ಷರಾದರು, 1914ರಲ್ಲಿ ಬ್ಯಾರೊನೆಟ್ ಎನಿಸಿಕೊಂಡರು. ಬ್ಯಾರೊನೆಟ್ ಎಂದರೆ ತಂದೆಯಿಂದ ಮಗನಿಗೆ ಇಳಿಯುವ ‘ಸರ್’. ಅದಕ್ಕೂ ಲಾರ್ಡ್ ಪದವಿಗೂ ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ಬ್ಯಾರೊನೆಟ್ ಆದವನು ಜನ ಆರಿಸುವ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಕೂರಬಹುದು, ಲಾರ್ಡ್ ಆದವನು ಆ ಕಾಲದಲ್ಲಿ ಕೂರುವಂತಿರಲಿಲ್ಲ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಈ ಮನೆಯಲ್ಲಿ ಒಂದು ದೊಡ್ಡ ದುರಂತವೂ ನಡೆದಿದೆ. ಜಾನ್ ಅವರ ತಮ್ಮ ವಿಲಿಯಂ ರದರ್‌ಫೋರ್ಡ್ ಬೆನ್ ಮದುವೆಯಾದ ಸ್ವಲ್ಪ ಕಾಲದಲ್ಲೇ ಬುದ್ಧಿಸ್ಥಿಮಿತ ಕಳೆದುಕೊಂಡರು. ಹವೆ ಬದಲಾದರೆ ಸರಿಹೋದೀತು ಎಂದು ತಂದೆ ಜೂಲಿಯಸ್ ಅವರನ್ನು 1883ರಲ್ಲಿ ಡರ್ಬಿಶೈರ್‌ನ ಮ್ಯಾಟ್ಲಾಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಮಗ ಕೋಣೆಯಲ್ಲಿದ್ದ ಪಿಂಗಾಣಿ ಪಾತ್ರೆಯಿಂದ ಹೊಡೆದು ತಂದೆಯನ್ನೇ ಕೊಂದರು. ಅವರನ್ನು ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲಾಯಿತು. ಬಿಡುಗಡೆಯಾದ ಮೇಲೆ ಅವರು ‘ಬೆನ್’ ಎಂಬುದನ್ನು ಕೈಬಿಟ್ಟು ರದರ್‌ಫೋರ್ಡ್ ಎಂಬ ಹೆಸರಿನಲ್ಲೇ ಬಾಳಿದರು. ಮುಂದೆ ಆಸ್ಕರ್ ಪ್ರಶಸ್ತಿ ಪಡೆದ ನಟಿ ಮಾರ್ಗರೆಟ್ ರದರ್‌ಫೋರ್ಡ್ ಅವರ ಮಗಳು. ಮನೆತನದ ಹೆಸರನ್ನು ಕಳಚಿಡುವುದು ಬೆನ್ ವಂಶದಲ್ಲಿ ಮೊದಲು ನಡೆದದ್ದು ಹೀಗೆ, ಒಂದು ತೀರದ ನೋವಿನಿಂದ.

ಜಾನ್ ಬೆನ್ ಅವರ ಹಿರಿಯ ಮಗ ಅರ್ನೆಸ್ಟ್‌ಗೆ ಬ್ಯಾರೊನೆಟ್ ಪದವಿಯೂ ಪ್ರಕಾಶನವೂ ಬಂದವು. ಅವರು ಬಂಡವಾಳಶಾಹಿಯ ಕಟ್ಟಾ ಸಮರ್ಥಕರು. ಸಮಾಜವಾದಿಯಾಗಿ ಬೆಳೆದ ಟೋನಿಯ ದೊಡ್ಡಪ್ಪ ಇವರೇ. ಕಿರಿಯ ಮಗ ವಿಲಿಯಂ ವೆಜ್‌ವುಡ್ ಬೆನ್ ಟೋನಿಯ ತಂದೆ. ಈ ವಿಲಿಯಂ ಅವರನ್ನು ಅರಿಯದೆ ಟೋನಿ ಅರ್ಥವಾಗುವುದಿಲ್ಲ ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ವಿಲಿಯಂ 1906ರಲ್ಲಿ, ತಂದೆ ಹಿಂದೆ ಗೆದ್ದಿದ್ದ ಕ್ಷೇತ್ರದಿಂದಲೇ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸಂಸದರಾದರು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಪದಕಗಳನ್ನು ಪಡೆದರು. 1927ರಲ್ಲಿ ಲಿಬರಲ್ ಪಕ್ಷ ಬಿಟ್ಟು ಲೇಬರ್ ಪಕ್ಷ ಸೇರಿದಾಗ ಅವರು ಮಾಡಿದ ಒಂದು ಕೆಲಸವನ್ನು ನಾನು ಯಾವಾಗಲೂ ನೆನೆಯುತ್ತೇನೆ: ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ಲೀತ್ ಕ್ಷೇತ್ರದ ಜನ ಆರಿಸಿದ್ದು ಲಿಬರಲ್ ಅಭ್ಯರ್ಥಿಯನ್ನು. ಆ ಮತವನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಂದು ಪಕ್ಷದ ಸಾಲಿನಲ್ಲಿ ಹೋಗಿ ಕೂರುವುದು ಅವರಿಗೆ ಸರಿಯೆನಿಸಲಿಲ್ಲ. ಕಾನೂನು ಹಾಗೆ ಮಾಡಬೇಕೆಂದು ಹೇಳಿರಲಿಲ್ಲ. ಮರುವರ್ಷ ಉತ್ತರ ಅಬರ್ಡೀನ್‌ನಿಂದ ಲೇಬರ್ ಅಭ್ಯರ್ಥಿಯಾಗಿ ಗೆದ್ದು ಬಂದರು.

ಭಾರತದ ಇತಿಹಾಸ ಓದಿದವರಿಗೆ ಈ ಹೆಸರು ಪರಿಚಿತವಿರಬೇಕು. 1929ರಿಂದ 1931ರವರೆಗೆ ಭಾರತದ ವ್ಯವಹಾರಗಳ ಸಚಿವರಾಗಿದ್ದವರು ಇವರೇ. ಭಾರತಕ್ಕೆ ಡೊಮಿನಿಯನ್ ಸ್ಥಾನಮಾನವೇ ಗುರಿ ಎಂದು ವೈಸ್‌ರಾಯ್ ಇರ್ವಿನ್ 1929ರ ಅಕ್ಟೋಬರ್ 31ರಂದು ಮಾಡಿದ ಘೋಷಣೆಗೆ ಲಂಡನ್ನಿನಲ್ಲಿ ಬೆಂಬಲವಾಗಿ ನಿಂತವರು ಅವರು. ಉಪ್ಪಿನ ಸತ್ಯಾಗ್ರಹದಲ್ಲಿ ಸಾವಿರಾರು ಜನ ಸೆರೆಮನೆ ಸೇರಿದ್ದೂ ಅವರ ಅವಧಿಯಲ್ಲೇ ಎನ್ನುವುದನ್ನು ಮರೆಯಬಾರದು. 1930ರ ನವೆಂಬರಿನಲ್ಲಿ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಮೊದಲ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗ ಆ ಖಾತೆ ವಿಲಿಯಂ ಅವರ ಕೈಯಲ್ಲಿತ್ತು. 1931ರಲ್ಲಿ ಗಾಂಧೀಜಿ ಎರಡನೆಯ ಪರಿಷತ್ತಿಗೆ ಬರುವ ಹೊತ್ತಿಗೆ ಸರ್ಕಾರ ಬದಲಾಗಿತ್ತು. ಆದರೂ ವಿಲಿಯಂ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಗಾಂಧೀಜಿಯನ್ನು ಭೇಟಿ ಮಾಡಿಸಿದರು. ಟೋನಿಗೆ ಆಗ ಆರು ವರ್ಷ. ಆ ಭೇಟಿಯ ಮಾತನ್ನು ಅವರು ಮುಪ್ಪಿನವರೆಗೂ ಹೇಳುತ್ತಿದ್ದರು.

ತಾಯಿ ಮಾರ್ಗರೆಟ್ ಸ್ಕಾಟ್ಲೆಂಡಿನ ಸಂಸದರೊಬ್ಬರ ಮಗಳು. ಹೀಬ್ರೂ ಕಲಿತವರು. ಹೆಂಗಸರಿಗೂ ಪಾದ್ರಿಯಾಗುವ ಹಕ್ಕು ಬೇಕೆಂದು ಹೋರಾಡಿದವರು. ಬೈಬಲ್ಲಿನ ಕಥೆಗಳು ರಾಜರಿಗೂ ಪ್ರವಾದಿಗಳಿಗೂ ನಡೆದ ಜಗಳದ ಕಥೆಗಳು, ರಾಜರ ಕೈಯಲ್ಲಿ ಅಧಿಕಾರ, ಪ್ರವಾದಿಗಳ ಬಾಯಲ್ಲಿ ಧರ್ಮ, ನೀನು ಪ್ರವಾದಿಗಳ ಕಡೆ ನಿಲ್ಲಬೇಕು ಎಂದು ಆಕೆ ಮಗನಿಗೆ ಹೇಳಿಕೊಟ್ಟರಂತೆ. ಮಗನೇ ಮತ್ತೆ ಮತ್ತೆ ನೆನೆದ ಮಾತು ಇದು.

ಇಂಥ ಮನೆಗೆ ಲಾರ್ಡ್ ಪದವಿ ಬಂದದ್ದು ಯುದ್ಧಕಾಲದ ಲೆಕ್ಕಾಚಾರದಿಂದ. ಚರ್ಚಿಲ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಲೇಬರ್ ಪಕ್ಷವೂ ಪಾಲುದಾರನಾಗಿತ್ತು. ಆದರೆ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಆ ಪಕ್ಷದ ಪರವಾಗಿ ಮಾತಾಡಲು ಜನರೇ ಇರಲಿಲ್ಲ. ಕೆಲವರಿಗೆ ಲಾರ್ಡ್ ಪದವಿ ಕೊಟ್ಟು ಅಲ್ಲಿಗೆ ಕಳುಹಿಸಲು ಚರ್ಚಿಲ್ ನಿರ್ಧರಿಸಿದರು. ಇದು ಗೌರವವೂ ಅಲ್ಲ, ಬಹುಮಾನವೂ ಅಲ್ಲ, ರಾಜ್ಯದ ಅಗತ್ಯಕ್ಕೆ ಕೈಗೊಂಡ ಕ್ರಮ ಎಂದು ಸರ್ಕಾರದ ಪ್ರಕಟಣೆಯೇ ಹೇಳಿತು. ಅರವತ್ತು ದಾಟಿದ ಮೇಲೂ ಮತ್ತೆ ವಾಯುಪಡೆಯ ಸಮವಸ್ತ್ರ ತೊಟ್ಟಿದ್ದ ವಿಲಿಯಂ ಒಪ್ಪಿದರು. ಒಬ್ಬರ ಆಯುಷ್ಯಕ್ಕೆ ಮಾತ್ರ ಮುಗಿಯುವ ಲಾರ್ಡ್ ಪದವಿಯನ್ನು ಎಲ್ಲ ರಂಗದವರಿಗೂ ಕೊಡುವ ಏರ್ಪಾಡು ಬಂದದ್ದು 1958ರ ಕಾಯಿದೆಯಿಂದ. 1942ರಲ್ಲಿ ರಾಜಕಾರಣಿಯೊಬ್ಬರನ್ನು ಮೇಲ್ಮನೆಗೆ ಕಳುಹಿಸಬೇಕಾದರೆ ಅವರ ಮಗ, ಮೊಮ್ಮಗ, ಮರಿಮಗನನ್ನೂ ಜೊತೆಗೆ ಕಟ್ಟಿಯೇ ಕಳುಹಿಸಬೇಕಿತ್ತು.

ಒಪ್ಪುವ ಮೊದಲು ವಿಲಿಯಂ ಹಿರಿಯ ಮಗ ಮೈಕೇಲ್‌ನನ್ನು ಕೇಳಿದರು. ಪಾದ್ರಿಯಾಗಬೇಕೆಂದಿದ್ದ ಮೈಕೇಲ್‌ಗೆ ಅದರಿಂದ ಅಡ್ಡಿಯೇನೂ ಇರಲಿಲ್ಲ. ಟೋನಿ ಎರಡನೆಯವನು. ಬಿರುದಿಗೂ ಅವನಿಗೂ ಸಂಬಂಧವೇ ಇಲ್ಲ ಎಂದುಕೊಂಡಿದ್ದರು. ಆದರೆ ಯುದ್ಧವಿಮಾನದ ಪೈಲಟ್ ಆಗಿದ್ದ ಮೈಕೇಲ್ 1944ರ ಜೂನ್‌ನಲ್ಲಿ ತೀರಿಕೊಂಡ. ಅಣ್ಣನ ಸಾವಿನೊಂದಿಗೆ ಬಿರುದು ತಮ್ಮನ ತಲೆಗೆ ಬಂತು. ಟೋನಿ ಮುಂದೆ ನಡೆಸಿದ ಹೋರಾಟವನ್ನು ಬರೀ ಹಟವೆಂದು ನೋಡುವವರಿಗೆ ನಾನು ಈ ಸಾವನ್ನು ನೆನಪಿಸುತ್ತೇನೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಲಾರ್ಡ್ ಪದವಿಯನ್ನು ರಾಜಮುದ್ರೆಯ ಸನ್ನದಿನಿಂದ ಕೊಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಪಡೆದವನ ದೇಹದಿಂದ ಹುಟ್ಟಿದ ಗಂಡು ಸಂತತಿಗೆ ಎಂದು ಬರೆದಿರುತ್ತದೆ. ಆಸ್ತಿಯನ್ನು ಬೇಡವೆನ್ನಬಹುದು, ಮಾರಬಹುದು, ದಾನ ಕೊಡಬಹುದು. ಈ ಬಿರುದನ್ನು ಮಾತ್ರ ಕಾನೂನು ಮೈಬಣ್ಣದಂತೆ, ರಕ್ತದಂತೆ ಕಾಣುತ್ತಿತ್ತು. ತಂದೆಯ ಉಸಿರು ನಿಂತ ಕ್ಷಣ ಅದು ಹಿರಿಯ ಮಗನದು. ರಕ್ತದ ಈ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ವಂಶಪಾರಂಪರ್ಯದ ಲಾರ್ಡ್ ಪದವಿ ಪಡೆದ ಮೊದಲ ಭಾರತೀಯ, ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ, 1919ರಲ್ಲಿ ರಾಯಪುರದ ಬ್ಯಾರನ್ ಆದರು. ಅವರು 1928ರಲ್ಲಿ ತೀರಿಕೊಂಡರೂ ಮಗನ ಹಕ್ಕು ಸ್ಥಿರಪಟ್ಟದ್ದು 1939ರಲ್ಲಿ. ಒಬ್ಬರಿಗಿಂತ ಹೆಚ್ಚು ಹೆಂಡತಿಯರಿಗೆ ಆಗ ಅವಕಾಶವಿದ್ದ ಹಿಂದೂ ಪದ್ಧತಿಯಲ್ಲಿ ನಡೆದ ಮದುವೆಯ ಮಗನನ್ನು ವಾರಸುದಾರನೆಂದು ಒಪ್ಪಬಹುದೇ ಎಂದು ಲಾರ್ಡ್ಸ್ ಸಭೆಯ ಸಮಿತಿ ವಿಚಾರಣೆ ನಡೆಸಬೇಕಾಯಿತು. ಸಿನ್ಹಾರ ಮಗ ಒಳಗೆ ಹೋಗಲು ಕಾದರು, ಬೆನ್ ಹೊರಗೆ ಬರಲು ಕಾದರು.

ಟೋನಿ ಬೆನ್ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಿಂದ ಕಾಮನ್ಸ್‌ಗೆ ಆರಿಸಿಬಂದದ್ದು 1950ರ ನವೆಂಬರ್ 30ರಂದು, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಅನಾರೋಗ್ಯದಿಂದ ಆ ಸ್ಥಾನ ಬಿಟ್ಟವರು ಸ್ಟಾಫರ್ಡ್ ಕ್ರಿಪ್ಸ್, 1942ರ ಕ್ರಿಪ್ಸ್ ಆಯೋಗದ ಕ್ರಿಪ್ಸ್. ಅದೇ ವರ್ಷದ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 18ನೇ ವಿಧಿಯಲ್ಲಿ ಬಿರುದುಗಳನ್ನು ಒಂದೇ ಏಟಿಗೆ ತೆಗೆದುಹಾಕಿತ್ತು. ಬೆನ್ ಅವರ ತಂದೆಗೆ ಆಗ ಎಪ್ಪತ್ತಮೂರು. ಅವರು ಇಲ್ಲವಾದ ದಿನ ತಾನು ಈ ಸಭೆಯಿಂದ ಎದ್ದು ಹೋಗಬೇಕು ಎಂದು ಗೊತ್ತಿದ್ದ ಬೆನ್ 1955ರಲ್ಲೇ, ತಂದೆಯ ನೆರವಿನಿಂದಲೇ, ಬಿರುದು ಬಿಡಲು ಅವಕಾಶ ಕೊಡುವ ಮಸೂದೆಗೆ ಪ್ರಯತ್ನಿಸಿದರು. ಫಲಿಸಲಿಲ್ಲ. ಲಾರ್ಡ್ ಪದವಿ ಕೊಡಿಸಿದ್ದ ಚರ್ಚಿಲ್ ಅವರೇ ಮಕ್ಕಳಿಗೆ ಅದನ್ನು ಬಿಡುವ ಹಕ್ಕು ಇರಬೇಕೆಂದು ಬೆಂಬಲದ ಪತ್ರ ಬರೆದುಕೊಟ್ಟರು.

1960ರ ನವೆಂಬರಿನಲ್ಲಿ ಹೆದರಿದ್ದು ಆಗಿಯೇ ಹೋಯಿತು. ಸ್ಥಾನ ತೆರವಾಯಿತು ಎಂದರು. 1961ರ ಮೇ 4ರಂದು ಬ್ರಿಸ್ಟಲ್‌ನಲ್ಲಿ ಉಪಚುನಾವಣೆ. ಬೆನ್ ಮತ್ತೆ ನಿಂತರು. ಅನರ್ಹನಿಗೆ ಹಾಕಿದ ಮತ ವ್ಯರ್ಥ ಎಂದು ಎದುರಾಳಿಯ ಕಡೆಯವರು ಸಾರಿದರು. ಆದರೂ ಬೆನ್ ಅವರಿಗೆ 23,275 ಮತ, ಕನ್ಸರ್ವೇಟಿವ್ ಪಕ್ಷದ ಮಾಲ್ಕಂ ಸೇಂಟ್ ಕ್ಲೇರ್ ಅವರಿಗೆ 10,231. ಅಂತರ ಹದಿಮೂರು ಸಾವಿರ ದಾಟಿತ್ತು. ವ್ಯರ್ಥವಾದೀತು ಎಂದು ತಿಳಿದೂ ಇಷ್ಟೊಂದು ಜನ ಮತಗಟ್ಟೆಗೆ ನಡೆದು ಹೋಗಿ ಗುರುತು ಹಾಕಿ ಬಂದರಲ್ಲ, ಆ ಸಂಜೆಯನ್ನು ನಾನು ಈ ಕಥೆಯ ಎದೆಭಾಗ ಎನ್ನುತ್ತೇನೆ.

ಕೆಲವು ದಿನಗಳ ನಂತರ ಗೆದ್ದ ಅಭ್ಯರ್ಥಿ ಕಾಮನ್ಸ್ ಸಭಾಂಗಣದ ಬಾಗಿಲಿಗೆ ಬಂದರು. ಹತ್ತು ವರ್ಷ ಓಡಾಡಿದ್ದ ಬಾಗಿಲು. ದ್ವಾರಪಾಲಕ ಅಡ್ಡ ನಿಂತ. ಒಳಗೆ ಬಿಡಬಾರದೆಂದು ಸ್ಪೀಕರ್ ಅಪ್ಪಣೆಯಾಗಿತ್ತು, ಅಗತ್ಯಬಿದ್ದರೆ ಬಲ ಬಳಸಿಯಾದರೂ. ಬೆನ್ ಹಿಂದಿರುಗಿದರು. ಜುಲೈ 28ರಂದು ಇಬ್ಬರು ನ್ಯಾಯಮೂರ್ತಿಗಳ ಚುನಾವಣಾ ನ್ಯಾಯಾಲಯ ತೀರ್ಪು ಕೊಟ್ಟಿತು: ಬೆನ್ ಲಾರ್ಡ್, ಆದ್ದರಿಂದ ಅನರ್ಹ, ಅದು ಮತದಾರರಿಗೆ ಗೊತ್ತಿತ್ತು, ಆದ್ದರಿಂದ ಸೋತವರೇ ಸಂಸದರು. ಆ ಸೇಂಟ್ ಕ್ಲೇರ್ ಅವರೂ ಬೇರೊಂದು ಲಾರ್ಡ್ ಪದವಿಯ ಸರದಿಯಲ್ಲಿದ್ದವರು. ಆದರೆ ಅವರ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕಾನೂನು ಬದಲಾಗಿ ಬೆನ್ ಅರ್ಹರಾದರೆ ತಾವು ಸ್ಥಾನ ಬಿಡುವುದಾಗಿ ಮಾತು ಕೊಟ್ಟಿದ್ದರು, ಹಾಗೆಯೇ ನಡೆದುಕೊಂಡರು.

ಜನ ಆರಿಸಿದವನು ಹೊರಗೆ, ಸೋತವನು ಒಳಗೆ ಎಂಬ ಸ್ಥಿತಿಯನ್ನು ಸರ್ಕಾರಕ್ಕೆ ಬಹಳ ದಿನ ಸಮರ್ಥಿಸಿಕೊಳ್ಳಲು ಆಗಲಿಲ್ಲ. ಎರಡೂ ಸದನಗಳ ಜಂಟಿ ಸಮಿತಿ ಕೂತು, ಮಸೂದೆ ಬಂದು, 1963ರ ಜುಲೈ 31ರಂದು ಸಂಜೆ ಆರು ಗಂಟೆಗೆ, ಬಿರುದು ಬಿಡಲು ಅವಕಾಶ ಕೊಡುವ ಪಿಯರೇಜ್ ಕಾಯಿದೆಗೆ ರಾಣಿಯ ಅಂಕಿತ ಬಿತ್ತು. ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಬೆನ್ ಬಿರುದು ತ್ಯಜಿಸಿ ಆಗಿತ್ತು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ. ಬೆನ್ ಮರಳಿ ಸದನಕ್ಕೆ ಬಂದರು.

ಈ ಕಾಯಿದೆಯ ಅತಿ ದೊಡ್ಡ ಫಲಾನುಭವಿ ಎದುರು ಪಕ್ಷದವರು ಎಂಬುದನ್ನೂ ಹೇಳಬೇಕು. ಮೊದಲ ಕರಡಿನಲ್ಲಿ ಅದು ಮುಂದಿನ ಸಾರ್ವತ್ರಿಕ ಚುನಾವಣೆಯಿಂದ ಜಾರಿಗೆ ಬರಬೇಕಿತ್ತು. ತಕ್ಷಣವೇ ಜಾರಿಯಾಗಲಿ ಎಂದು ತಿದ್ದಿದ್ದು ಲಾರ್ಡ್ಸ್ ಸಭೆ. ಹಾಗೆ ತಿದ್ದಿದ್ದರಿಂದಲೇ ಆ ಅಕ್ಟೋಬರಿನಲ್ಲಿ ಹದಿನಾಲ್ಕನೆಯ ಅರ್ಲ್ ಆಫ್ ಹ್ಯೂಮ್ ಪ್ರಧಾನಿಯಾಗಿ, ತಮ್ಮ 1605ರ ಬಿರುದನ್ನು ಬಿಟ್ಟು, ಉಪಚುನಾವಣೆ ಗೆದ್ದು ಕಾಮನ್ಸ್‌ಗೆ ಬರಲು ಸಾಧ್ಯವಾಯಿತು. ನಡುವಿನ ಎರಡು ವಾರ ಬ್ರಿಟನ್ನಿನ ಪ್ರಧಾನಿ ಎರಡೂ ಸದನಗಳಲ್ಲಿ ಒಂದಕ್ಕೂ ಸೇರಿರಲಿಲ್ಲ.

ಆಮೇಲಿನ ಬೆನ್ ಅವರ ರಾಜಕೀಯ ಜೀವನ ಸಾಕಷ್ಟು ಪರಿಚಿತ. ಅಂಚೆ ಖಾತೆ, ತಂತ್ರಜ್ಞಾನ, ಕೈಗಾರಿಕೆ, ಇಂಧನ ಖಾತೆಗಳ ಸಚಿವರಾದರು, ವರ್ಷ ಕಳೆದಂತೆ ಎಡಕ್ಕೆ ಸರಿದರು, 1981ರಲ್ಲಿ ಪಕ್ಷದ ಉಪನಾಯಕ ಸ್ಥಾನದ ಸ್ಪರ್ಧೆಯಲ್ಲಿ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಪಕ್ಷವನ್ನು ಅವರು ಒಡೆದರು ಎನ್ನುವವರೂ ಇದ್ದಾರೆ, ಆತ್ಮಸಾಕ್ಷಿಯಂತೆ ನಡೆದರು ಎನ್ನುವವರೂ ಇದ್ದಾರೆ. ನೀವು ಕೇಳಿದ್ದು ಮನೆತನದ ವಿಷಯವಾದ್ದರಿಂದ ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ಬಿರುದಿನ ಜೊತೆಗೆ ಅವರು ಹೆಸರಿನ ಉದ್ದವನ್ನೂ ಕತ್ತರಿಸಿದರು. ಆಂಟನಿ ವೆಜ್‌ವುಡ್ ಬೆನ್ 1970ರ ದಶಕದಲ್ಲಿ ಬರೀ ಟೋನಿ ಬೆನ್ ಆದರು. ಗಣ್ಯರ ಪರಿಚಯ ಕೋಶದಲ್ಲಿ ತಾವು ಓದಿದ ಹೆಸರಾಂತ ಶಾಲೆಯ ಬದಲು ‘ಶಿಕ್ಷಣ: ಇನ್ನೂ ಮುಂದುವರಿದಿದೆ’ ಎಂದು ಬರೆಸಿದರು.

ಅವರ ಹೆಂಡತಿ ಕ್ಯಾರೊಲಿನ್ ಅಮೆರಿಕದ ಓಹಾಯೋದ ಸಿನ್ಸಿನಾಟಿಯವರು. 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚಹಾ ಕುಡಿಯುವಾಗ ಪರಿಚಯ. ಒಂಬತ್ತು ದಿನಕ್ಕೆ ಬೆನ್ ಅಲ್ಲಿನ ಒಂದು ಬೆಂಚಿನ ಮೇಲೆ ಕೂತು ಮದುವೆಯ ಮಾತೆತ್ತಿದರು. ಮುಂದೆ ಆ ಬೆಂಚನ್ನು ನಗರಸಭೆಯಿಂದ ಹತ್ತು ಪೌಂಡಿಗೆ ಕೊಂಡು ಲಂಡನ್ನಿನ ತಮ್ಮ ಮನೆಯ ತೋಟದಲ್ಲಿ ಇರಿಸಿಕೊಂಡರು. ಗಂಡ ಬಿರುದು ಬಿಟ್ಟಾಗ ವೈಕೌಂಟೆಸ್ ಎನಿಸಿಕೊಳ್ಳುವ ಹಕ್ಕು ಕ್ಯಾರೊಲಿನ್ ಅವರಿಗೂ ಹೋಯಿತು. ಕಾಯಿದೆಯೇ ಹಾಗಿದೆ.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವೂ ಆ ಕಾಯಿದೆಯಲ್ಲೇ ಇದೆ. 1963ರ ಕಾಯಿದೆ ಬಿರುದನ್ನು ಅಳಿಸುವುದಿಲ್ಲ. ಬಿಟ್ಟವನು ತನ್ನ ಆಯುಷ್ಯದಷ್ಟು ಕಾಲಕ್ಕೆ ಮಾತ್ರ ಬಿಡುತ್ತಾನೆ, ಮತ್ತು ಹಾಗೆ ಬಿಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅವನು ಬದುಕಿರುವಷ್ಟು ದಿನ ಬಿರುದು ಒಡೆಯನಿಲ್ಲದೆ ನಿಂತಿರುತ್ತದೆ. ಸತ್ತ ದಿನ, ಏನೂ ನಡೆದೇ ಇಲ್ಲವೆಂಬಂತೆ, ವಾರಸುದಾರನಿಗೆ ಇಳಿಯುತ್ತದೆ. ತಂದೆಯ ಇಚ್ಛೆ ಮಗನನ್ನು ಕಟ್ಟಿಹಾಕಬಾರದು ಎನ್ನುವುದು ಇದರ ಹಿಂದಿನ ತರ್ಕ. ಅದನ್ನು ನಾನು ಒಪ್ಪುತ್ತೇನೆ. ತಂದೆ ಒಪ್ಪಿಕೊಂಡದ್ದಕ್ಕೆ ಮಗ ಕಟ್ಟುಬಿದ್ದದ್ದೇ ಅಲ್ಲವೇ ಬೆನ್ ಅವರ ದೂರು? ಹೀಗೆ 2014ರ ಮಾರ್ಚ್ 14ರಂದು ಹಿರಿಯ ಮಗ ಸ್ಟೀಫನ್ ಮೂರನೆಯ ವೈಕೌಂಟ್ ಆದರು. 1999ರ ಸುಧಾರಣೆ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ 92 ಮಂದಿಯನ್ನು ಮಾತ್ರ ಸದನದಲ್ಲಿ ಉಳಿಸಿದ್ದರಿಂದ ಬಿರುದಿನ ಜೊತೆಗೇ ಪೀಠ ಬರಲಿಲ್ಲ. 2021ರ ಜುಲೈನಲ್ಲಿ ತೆರವಾದ ಒಂದು ಸ್ಥಾನಕ್ಕೆ ಅವರು ಅವಿರೋಧವಾಗಿ ಆಯ್ಕೆಯಾಗಿ ಲೇಬರ್ ಸಾಲಿನಲ್ಲಿ ಕುಳಿತರು. ಆ 92ರ ಪದ್ಧತಿಯನ್ನೇ ಕೊನೆಗಾಣಿಸುವ ಮಸೂದೆಯನ್ನು 2024ರಲ್ಲಿ ತಂದದ್ದು ಅವರದೇ ಪಕ್ಷದ ಸರ್ಕಾರ. ಆ ಸರ್ಕಾರದಲ್ಲಿ ಸ್ಟೀಫನ್ ಅವರ ತಮ್ಮ ಹಿಲರಿ ಬೆನ್ ಉತ್ತರ ಐರ್ಲೆಂಡ್ ಖಾತೆಯ ಸಚಿವರು. ಜಾನ್, ವಿಲಿಯಂ, ಟೋನಿ, ಹಿಲರಿ: ನಾಲ್ಕು ತಲೆಮಾರು ಮತ ಕೇಳಿ ಕಾಮನ್ಸ್‌ಗೆ ಹೋಗಿದೆ. ಈ ಮನೆಯಲ್ಲಿ ನಿಜವಾಗಿ ವಂಶಪಾರಂಪರ್ಯವಾಗಿ ಬಂದದ್ದು ಇದೇ ಎಂದು ನನಗೆ ತೋರುತ್ತದೆ.

ಕೊನೆಯದಾಗಿ ಒಂದು ಜಾಗದ ವಿಷಯ. ವೆಸ್ಟ್‌ಮಿನ್‌ಸ್ಟರ್ ಅರಮನೆಯ ನೆಲಮಾಳಿಗೆಯಲ್ಲಿ ಸೇಂಟ್ ಮೇರಿ ಅಂಡರ್‌ಕ್ರಾಫ್ಟ್ ಎಂಬ ಪ್ರಾರ್ಥನಾ ಮಂದಿರವಿದೆ. ಅಲ್ಲಿ ಪೊರಕೆ, ಬಕೆಟ್ಟು ಇಡುವ ಒಂದು ಗೂಡು. 1911ರ ಜನಗಣತಿಯ ರಾತ್ರಿ, ಹೆಂಗಸರಿಗೆ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ವೈಲ್ಡಿಂಗ್ ಡೇವಿಸನ್ ಅದರಲ್ಲಿ ಬಚ್ಚಿಟ್ಟುಕೊಂಡಿದ್ದರು. ಹೆಣ್ಣಿಗೆ ಪ್ರವೇಶವಿಲ್ಲದ ಕಾಮನ್ಸ್ ಸಭೆಯೇ ಗಣತಿಯಲ್ಲಿ ತನ್ನ ವಿಳಾಸವೆಂದು ದಾಖಲಾಗಲಿ ಎಂದು. ಆ ಸಂಗತಿ ಬರೆದ ಫಲಕವನ್ನು ಗೂಡಿನ ಬಾಗಿಲಿಗೆ ತಾವೇ ಸ್ಕ್ರೂ ತಿರುಗಿಸಿ ಕೂರಿಸಿದವರು ಟೋನಿ ಬೆನ್. 2014ರ ಮಾರ್ಚ್ 26ರ ರಾತ್ರಿ, ಅಂತ್ಯಸಂಸ್ಕಾರದ ಹಿಂದಿನ ದಿನ, ಅವರ ದೇಹವನ್ನು ಇರಿಸಿದ್ದು ಅದೇ ಮಂದಿರದಲ್ಲಿ.